ಹನ್ನೆರಡು ನಿಮಿಷದಲ್ಲಿ ಹೃದಯದ ಕಬ್ಬಿಣ ಅಳೆದದ್ದು: ನನ್ನ ಅನುಭವ

ಹೋದ ತಿಂಗಳು ಒಂದು ಶನಿವಾರ ರಾತ್ರಿ ಎಂಟೂವರೆಗೆ ಶುರು ಮಾಡಿ ಹನ್ನೊಂದೂವರೆಯೊಳಗೆ ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೀಮಿಯಾ ರೋಗದ ಹನ್ನೊಂದು ಮಕ್ಕಳ ಟಿ2 ಸ್ಟಾರ್, ಅಂದರೆ ಹೃದಯದಲ್ಲಿ ಕೂತ ಕಬ್ಬಿಣವನ್ನು ಎಂಆರ್‌ಐನಿಂದ ಅಳೆಯುವ ಪರೀಕ್ಷೆ, ಮುಗಿಸಿದೆವು. ಒಂದು 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರ, ಒಬ್ಬ ಟೆಕ್ನಿಷಿಯನ್, ಜೊತೆಗೆ ನಾನು. ಒಂದು ಮಗುವಿಗೂ ಮತ್ತು ಬರುವ ಔಷಧ ಕೊಡಲಿಲ್ಲ, ಸೂಜಿ ಚುಚ್ಚಲಿಲ್ಲ. 2014ರಲ್ಲಿ ಇದನ್ನು ಹುಬ್ಬಳ್ಳಿಯಲ್ಲೇ ಮಾಡಬಹುದು ಅಂತ ನಾನು ಹೇಳಿದಾಗ ನಕ್ಕವರೇ ಜಾಸ್ತಿ. ಹೃದಯದ ಎಂಆರ್‌ಐಗೆ ಮುಕ್ಕಾಲು ಗಂಟೆ ಬೇಕು, ಮಕ್ಕಳು ಅಷ್ಟು ಹೊತ್ತು ಮಲಗೋದಿಲ್ಲ ಅಂದರು. ಮೈಯ ಕಬ್ಬಿಣ ಅಂದಾಜು ಮಾಡುವ ಫೆರಿಟಿನ್ ರಕ್ತಪರೀಕ್ಷೆ ಇದೆ, ಹೃದಯದ ಅಲ್ಟ್ರಾಸೌಂಡ್ ಆದ ಎಕೋ ಇದೆ, ಮತ್ತೇನು ಬೇಕು ಅಂದರು. ದುಡ್ಡು ಯಾರು ಕೊಡ್ತಾರೆ ಅಂದರು. ಈ ಮೂರರಲ್ಲಿ ಕೊನೆಯ ಪ್ರಶ್ನೆಗೆ ಮಾತ್ರ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ದಾವಣಗೆರೆ, ಕಲಬುರಗಿ ಕಡೆಯ ಗೆಳೆಯರು ಫೋನ್ ಮಾಡಿ ಹೇಗೆ ಮಾಡ್ತೀರಿ ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು. ಗ್ರೇಡಿಯಂಟ್ ಎಕೋ (ಎಂಆರ್‌ಐ ಚಿತ್ರ ತೆಗೆಯುವ ಒಂದು ವಿಧಾನ) ಅಂದರೇನು, ಕೀಲೇಶನ್ (ಮೈಯ ಹೆಚ್ಚುವರಿ ಕಬ್ಬಿಣವನ್ನು ಔಷಧಿಯಿಂದ ಹೊರಹಾಕುವುದು) ಯಾಕೆ ಅನ್ನುವುದು ಈ ಗೆಳೆಯರಿಗೆ ಗೊತ್ತೇ ಇದೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಬೆಂಗಳೂರಿನಲ್ಲಿ ಹೃದ್ರೋಗದ ಡಿಎಂ ಮುಗಿಸಿ ಊರಿಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಕ್ಯಾತ್ ಲ್ಯಾಬ್ ಒಂದೇ. ದಿನಕ್ಕೆ ಐದಾರು ಆಂಜಿಯೋಗ್ರಾಂ, ಎರಡು ಸ್ಟೆಂಟು, ಅಷ್ಟರಲ್ಲಿ ಜೀವನ ಸಾಗುತ್ತದೆ ಅಂದುಕೊಂಡಿದ್ದೆ. ಮೊದಲ ವರ್ಷವೇ ಹದಿನೇಳು ವರ್ಷದ ಒಬ್ಬ ಹುಡುಗನನ್ನು ನೋಡಿದೆ. ಥಲಸ್ಸೀಮಿಯಾ ಮೇಜರ್. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಿದ್ದ. ಜನವರಿಯಲ್ಲಿ ನಾನೇ ಎಕೋ ಮಾಡಿದೆ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪಾಲು) 60 ಬಂತು. ಹೃದಯ ಚೆನ್ನಾಗಿದೆ ಅಂತ ಬರೆದುಕೊಟ್ಟೆ. ಏಪ್ರಿಲ್‌ನಲ್ಲಿ ಹುಡುಗ ತೀರಿಕೊಂಡ. ಅವನ ತಂದೆ ಫೈಲು ಹಿಡಿದುಕೊಂಡು ಬಂದು ನನ್ನ ಎದುರು ಕೂತರು. "ಸರ್ರ, ನೀವ ನೋಡಿ ಹಾರ್ಟ್ ಛಲೋ ಐತಿ ಅಂದಿದ್ರಿ ಅಲ್ರಿ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಅರ್ಥವಾಗದೆ ಕೇಳಿದ್ದು.

ಆ ಫೈಲಿನಲ್ಲಿ ಹಾಕಿದ ರಕ್ತದ ಲೆಕ್ಕವೆಲ್ಲ ಇತ್ತು. ರಾತ್ರಿ ಕೂತು ಕೂಡಿಸಿದೆ. ಹತ್ತಿರ ಹತ್ತಿರ ನಾನೂರು ಚೀಲ. ಒಂದು ಚೀಲಕ್ಕೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹಿಡಿದರೆ 80 ಗ್ರಾಂ ದಾಟುತ್ತದೆ. ಮೈಯಲ್ಲಿ ಇರಬೇಕಾದದ್ದು ಮೂರು ನಾಲ್ಕು ಗ್ರಾಂ. ಔಷಧಿ ಎಷ್ಟು ಹೊರಗೆ ಹಾಕಿತ್ತೋ ಗೊತ್ತಿಲ್ಲ, ಉಳಿದದ್ದರಲ್ಲಿ ಒಂದು ಪಾಲು ನಾನು ಎಕೋದಲ್ಲಿ ನೋಡಿದ ಅದೇ ಗೋಡೆಯಲ್ಲಿ ಕೂತಿತ್ತು. ಎಕೋಗೆ ಕಬ್ಬಿಣ ಕಾಣುವುದಿಲ್ಲ. ಪಂಪು ಸೋತ ಮೇಲೆ ಮಾತ್ರ ಕಾಣುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ.

ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯವರು 2001ರಲ್ಲೇ ಟಿ2 ಸ್ಟಾರ್‌ನಿಂದ ಹೃದಯದ ಕಬ್ಬಿಣ ಅಳೆದು ತೋರಿಸಿದ್ದರು. ಕಬ್ಬಿಣ ಹೆಚ್ಚಿದಷ್ಟೂ ಎಂಆರ್‌ಐ ಸಂಕೇತ ಬೇಗ ಆರುತ್ತದೆ, ಅದು ಆರುವ ವೇಗದ ಅಳತೆಯೇ ಟಿ2 ಸ್ಟಾರ್. ಅದು 20 ಮಿಲಿಸೆಕೆಂಡಿಗಿಂತ ಮೇಲಿದ್ದರೆ ಕಬ್ಬಿಣ ಕೂತಿಲ್ಲ, ಕೆಳಗಿದ್ದರೆ ಕೂತಿದೆ, 10ಕ್ಕಿಂತ ಕೆಳಗಿದ್ದರೆ ಅಪಾಯ. ಬ್ರಿಟನ್ನಿನಲ್ಲಿ ಈ ಪರೀಕ್ಷೆ ಬಂದು, ಅದನ್ನು ನೋಡಿ ಔಷಧಿ ಬದಲಿಸಲು ಶುರು ಮಾಡಿದ ಮೇಲೆ ಕಬ್ಬಿಣದಿಂದ ಸಾಯುವ ಥಲಸ್ಸೀಮಿಯಾ ರೋಗಿಗಳ ಪ್ರಮಾಣ ಶೇ. 71ರಷ್ಟು ಇಳಿಯಿತು ಅಂತ 2008ರಲ್ಲಿ ವರದಿ ಬಂತು. ಅಂದರೆ ದಾರಿ ಗೊತ್ತಿತ್ತು. ನಮ್ಮ ಮಕ್ಕಳು ಅದಕ್ಕೆ ದೊಡ್ಡ ಊರಿಗೆ ಹೋಗಬೇಕಿತ್ತು. ಬಸ್ ಖರ್ಚು, ಒಂದು ದಿನದ ಕೂಲಿ, ಮೇಲೆ ಎಂಟು ಹತ್ತು ಸಾವಿರ ಸ್ಕ್ಯಾನಿಗೆ. ಯಾರೂ ಹೋಗುತ್ತಿರಲಿಲ್ಲ.

ಮೊದಲು ಯಂತ್ರದ ಕಂಪನಿಯವರನ್ನು ಕೇಳಿದೆ. ಟಿ2 ಸ್ಟಾರ್ ಪ್ಯಾಕೇಜು ಹಾಕಿಕೊಡಲು ಹನ್ನೆರಡು ಲಕ್ಷದ ಆಸುಪಾಸು ಅಂದರು. ಮುಂದಿನ ವರ್ಷ ಒಂಬತ್ತಕ್ಕೆ ಇಳಿದರು. ಒಂಬತ್ತೂ ನನ್ನ ಹತ್ತಿರ ಇರಲಿಲ್ಲ. ಆದರೆ ಆ ಯಂತ್ರದಲ್ಲಿ ಲಿವರ್‌ಗೆ ಅಂತ ಒಂದು ಮಲ್ಟಿ ಎಕೋ ಸೀಕ್ವೆನ್ಸ್ (ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿಗೆ ಹಿಡಿಯುವ ಕ್ರಮ; ಇಲ್ಲಿ ಎಕೋ ಅಂದರೆ ಅಲ್ಟ್ರಾಸೌಂಡ್ ಅಲ್ಲ, ಹಾಗೆ ಹಿಡಿದ ಒಂದೊಂದು ಚಿತ್ರ) ಮೊದಲೇ ಇತ್ತು. ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವ ಇಸಿಜಿ ಟ್ರಿಗರ್ರೂ ಇತ್ತು. ಎರಡನ್ನೂ ಸೇರಿಸಿ, ಬ್ಯಾಂಡ್‌ವಿಡ್ತ್ ಏರಿಸಿ, ಮೊದಲ ಎಕೋ 2 ಮಿಲಿಸೆಕೆಂಡಿನ ಹತ್ತಿರ, ಕೊನೆಯದು 18ರ ಹತ್ತಿರ ಬರುವ ಹಾಗೆ ಎಂಟು ಎಕೋ ಹೊಂದಿಸಲು ನಮ್ಮ ಟೆಕ್ನಿಷಿಯನ್‌ಗೆ ಮೂರು ರಾತ್ರಿ ಹಿಡಿಯಿತು. ಆತ ನನಗಿಂತ ಐದಾರು ವರ್ಷ ದೊಡ್ಡವರು, ನಾನು ಅಣ್ಣಾ ಅಂತಲೇ ಕರೆಯುವುದು. ಈ ಕೆಲಸದ ಅರ್ಧ ಹೆಸರು ಅವರಿಗೆ ಸೇರಬೇಕು. ಲೆಕ್ಕ ಹಾಕಲು ಸಾಫ್ಟ್‌ವೇರ್ ಇರಲಿಲ್ಲ. ಸೆಪ್ಟಮ್ (ಹೃದಯದ ಎಡ ಬಲ ಕೋಣೆಗಳ ನಡುವಿನ ಗೋಡೆ) ಮೇಲೆ ಗುರುತು ಹಾಕಿ, ಎಂಟು ಚಿತ್ರದ ಎಂಟು ಅಂಕಿ ಬರೆದುಕೊಂಡು, ಎಕ್ಸೆಲ್‌ನಲ್ಲಿ ಗೆರೆ ಎಳೆದೆ.

ಸ್ಕ್ಯಾನ್ ಸೆಂಟರಿನ ಮಾಲೀಕರು ಒಳ್ಳೆಯವರು. ರಾತ್ರಿ ಎಂಟೂವರೆಯ ಮೇಲೆ ಯಂತ್ರ ಸುಮ್ನೆ ಇರುತ್ತದೆ, ತಗೊಳ್ಳಿ ಅಂದರು. ಒಂದು ಸ್ಕ್ಯಾನಿಗೆ 1,500 ಅಂತ ಮಾತಾಯಿತು. ಟೆಕ್ನಿಷಿಯನ್ ಅಣ್ಣನಿಗೆ ರಾತ್ರಿಗೆ 500 ನಾನು ಕೊಡುತ್ತಿದ್ದೆ. ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಏಳು ತಿಂಗಳು ಹೋಯಿತು. ಮೊದಲ ವರ್ಷ ನನ್ನ ಕೈಯಿಂದ ಖರ್ಚಾದದ್ದು ಒಂದೂಮುಕ್ಕಾಲು ಲಕ್ಷ ಇರಬೇಕು. ಸಂಶೋಧನಾ ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದೆ, ಎರಡೂ ವಾಪಸ್ ಬಂದವು. ಒಂದರ ಮೇಲೆ ಎಕ್ಸೆಲ್ ಲೆಕ್ಕವನ್ನು ವಿಜ್ಞಾನ ಅನ್ನಲಾಗದು ಅಂತ ಬರೆದಿದ್ದರು. ಆ ಹಾಳೆ ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಮೂರನೇ ಸಲ ನಾಲ್ಕೂವರೆ ಲಕ್ಷ ಸಿಕ್ಕಿತು. ಅದರಲ್ಲಿ ಮೂರು ವರ್ಷ ನಡೆಸಿದೆವು.

2015ರಲ್ಲಿ ಮೊದಲ ಹತ್ತು ಮಕ್ಕಳಲ್ಲಿ ಆರು ಸ್ಕ್ಯಾನ್ ಹಾಳಾದವು. ಉಸಿರು ಹಿಡಿಯಲು ಆಗುತ್ತಿರಲಿಲ್ಲ. ನಾವು ರಕ್ತ ಹಾಕುವ ಹಿಂದಿನ ದಿನ ಕರೆಸುತ್ತಿದ್ದೆವು, ಹೇಗಿದ್ದರೂ ಊರಿಗೆ ಬಂದಿರುತ್ತಾರಲ್ಲ ಅಂತ. ಅದೇ ದೊಡ್ಡ ತಪ್ಪು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿರುತ್ತದೆ, ನಾಡಿ ನೂರಹತ್ತು ಓಡುತ್ತಿರುತ್ತದೆ, ಎಂಟು ಸೆಕೆಂಡಿಗೇ ಮಗು ಏದುಸಿರು ಬಿಡುತ್ತದೆ. ರಕ್ತ ಹಾಕಿದ ಮರುದಿನಕ್ಕೆ ಬದಲಿಸಿದೆವು. ಅದೇ ಮಗು ಹದಿನೈದು ಸೆಕೆಂಡು ಆರಾಮಾಗಿ ಹಿಡಿಯಿತು. ಈ ಒಂದು ಬದಲಾವಣೆಗೆ ಒಂದು ಪೈಸೆ ಖರ್ಚಿಲ್ಲ. ನೀವು ಶುರು ಮಾಡುವುದಿದ್ದರೆ ಮೊದಲು ಇದನ್ನು ಮಾಡಿ.

ಎರಡನೆಯದು, ಉಸಿರು ಎಳೆದು ಹಿಡಿಯುವುದಲ್ಲ, ಬಿಟ್ಟು ತಡೆಯುವುದು. ಎಳೆದು ಹಿಡಿದರೆ ಪ್ರತಿ ಸಲ ಹೃದಯ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಪುಸ್ತಕದ ಮಾತು ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ. ಅಣ್ಣ ಮೈಕಿನಲ್ಲಿ "ಉಸರ ಎಳಕೋ... ಬಿಡು... ಹಂಗ ತಡಿ, ಅಳ್ಳಾಡಬ್ಯಾಡ ಪುಟ್ಟಾ" ಅಂದರೆ ಸಾಕು, ಕಲ್ಲಿನ ಹಾಗೆ ಮಲಗುತ್ತವೆ. ಯಂತ್ರದ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ರಕ್ತ ಹಾಕುವ ವಾರ್ಡಿನಲ್ಲೇ ಕೇಳಿಸುತ್ತೇವೆ. ಏಳು ವರ್ಷದೊಳಗಿನವರಿಗೆ ಇನ್ನೊಂದು ಉಪಾಯ ಇದೆ. ಅದನ್ನು ನನ್ನ ವಿದ್ಯಾರ್ಥಿನಿ ಬರೆಯುತ್ತಿದ್ದಾಳೆ, ಅವಳ ಪ್ರಬಂಧ ಅಚ್ಚಾಗುವ ತನಕ ನಾನು ಬಾಯಿ ಬಿಡುವುದಿಲ್ಲ.

ಒಂದು ಮಗುವಿನ ಚಿತ್ರದಲ್ಲಿ ಲಿವರ್ ಇರಬೇಕಾದ ಜಾಗದಲ್ಲಿ ದೊಡ್ಡ ಕಪ್ಪು ರಂಧ್ರ ಬಂತು. ಲಿವರ್ ಪೂರ್ತಿ ಕಬ್ಬಿಣ ಅಂತ ಗಾಬರಿಯಾದೆ. ನೋಡಿದರೆ ಉಡಿದಾರಕ್ಕೆ ಕಟ್ಟಿದ ತಾಯತ. ತಾಯಿ ಬಳೆ, ಓಲೆ, ಗೆಜ್ಜೆ ಎಲ್ಲ ತೆಗೆದಿದ್ದರು. ಇದನ್ನು ದೇವರದ್ದು ಅಂತ ಬಿಟ್ಟಿದ್ದರು. ಅಂದಿನಿಂದ ತಾಯತ ಇದೆಯೇ ಅಂತ ಬೇರೆಯಾಗಿಯೇ ಕೇಳುತ್ತೇವೆ. ಬಿಚ್ಚಿ ತಾಯಿಯ ಕೈಗೇ ಕೊಡುತ್ತೇವೆ, ಸ್ಕ್ಯಾನ್ ಮುಗಿಯುವ ತನಕ ಅವರು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಕೂರುತ್ತಾರೆ. ಅವರಿಗೂ ಸಮಾಧಾನ, ಮಗುವಿಗೂ ಸಮಾಧಾನ.

ಈಗ ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದು ಸುಲಭವಲ್ಲ.

2016ರಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿಗೆ ಸ್ಕ್ಯಾನ್ ಮಾಡಿದೆ. ನನ್ನ ಎಕ್ಸೆಲ್ 11 ಚಿಲ್ಲರೆ ತೋರಿಸಿತು. ಕಬ್ಬಿಣ ಇದೆ, ಆದರೆ ಹತ್ತರ ಮೇಲಿದೆ, ಮಾತ್ರೆಯ ಡೋಸ್ ಸ್ವಲ್ಪ ಏರಿಸಿ, ಆರು ತಿಂಗಳು ಬಿಟ್ಟು ನೋಡೋಣ ಅಂದೆ. ಮೂರೇ ತಿಂಗಳಿಗೆ ಒಂದು ರಾತ್ರಿ ಕಾಲು ಬಾತು, ಮಲಗಲಾಗದೆ, ಏದುಸಿರು ಬಿಡುತ್ತಾ ಬಂದಳು. ಇಎಫ್ 30ರ ಒಳಗೆ. ಕಬ್ಬಿಣ ಹೊರಹಾಕುವ ಡೆಸ್ಫೆರಾಲ್ ಅನ್ನು ದಿನದ ಇಪ್ಪತ್ನಾಲ್ಕು ಗಂಟೆಯೂ ರಕ್ತನಾಳಕ್ಕೆ ಹರಿಸಿ, ಜೊತೆಗೆ ಅದೇ ಕೆಲಸದ ಡಿಫೆರಿಪ್ರೋನ್ ಕೊಟ್ಟೆವು. ಹನ್ನೆರಡು ದಿನ ಐಸಿಯು. ಉಳಿದಳು.

ನನಗೆ ಅರ್ಥವಾಗದೆ ಉಳಿದದ್ದು ಆ 11. 2009ರಲ್ಲಿ ಬ್ರಾಂಪ್ಟನ್ನಿನವರು 652 ರೋಗಿಗಳ ಲೆಕ್ಕ ಕೊಟ್ಟಿದ್ದರು. ಸ್ಕ್ಯಾನ್ ಆದ ಒಂದು ವರ್ಷದೊಳಗೆ ಹಾರ್ಟ್ ಫೇಲ್ಯೂರ್ ಆದವರಲ್ಲಿ ಶೇ. 98 ಜನರ ಟಿ2 ಸ್ಟಾರ್ 10ಕ್ಕಿಂತ ಕೆಳಗಿತ್ತು. ನನ್ನ ಹುಡುಗಿ ಆ ಉಳಿದ ಶೇ. ಎರಡರಲ್ಲಿ ಒಬ್ಬಳೋ, ಅಥವಾ ನನ್ನ ಅಂಕಿಯೇ ತಪ್ಪೋ? ಹಳೆಯ ಚಿತ್ರ ಮತ್ತೆ ತೆರೆದೆ. ಎಂಟು ಎಕೋಗಳಲ್ಲಿ ಕೊನೆಯ ಮೂರರಲ್ಲಿ ಸೆಪ್ಟಮ್ ಕಪ್ಪಾಗಿ ಹೋಗಿತ್ತು. ಅಲ್ಲಿ ನಾನು ಬರೆದುಕೊಂಡ ಅಂಕಿ ಹೃದಯದ್ದಲ್ಲ, ಬರೀ ನಾಯ್ಸ್, ಅಂದರೆ ಅರ್ಥವಿಲ್ಲದ ಹಿನ್ನೆಲೆ ಗದ್ದಲ. ನಾನು ಎಲ್ಲವನ್ನೂ ಲಾಗ್ ತೆಗೆದು ನೇರ ಗೆರೆ ಎಳೆಯುತ್ತಿದ್ದೆ. ಲಾಗ್ ತೆಗೆದರೆ ಕೊನೆಯ ಸಣ್ಣ ಅಂಕಿಗಳೇ ಗೆರೆಯನ್ನು ಎಳೆದಾಡುತ್ತವೆ. ಕೊನೆಯ ಮೂರನ್ನು ಕತ್ತರಿಸಿ ಮತ್ತೆ ಲೆಕ್ಕ ಹಾಕಿದಾಗ 7 ಬಂತು. ಕತ್ತರಿಸಬೇಕು ಅಂತ ಬ್ರಾಂಪ್ಟನ್ನಿನವರು ಮೊದಲೇ ಬರೆದಿದ್ದರು. ನಾನು ಆ ಪುಟ ಓದಿರಲಿಲ್ಲ.

ಮರುದಿನ ಹುಡುಗಿಯ ತಂದೆ ತಾಯಿಯನ್ನು ಕೂರಿಸಿ ತಪ್ಪು ನನ್ನದು ಅಂತ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ತಾಯಿ ಕೇಳಿದ್ದು ಒಂದೇ. "ಬ್ಯಾರೆ ಹುಡುಗುರದೂ ಹಿಂಗ ತಪ್ಪಿರಬಹುದೇನ್ರಿ?" ಆ ವಾರ ಅಲ್ಲಿವರೆಗಿನ ಮೂವತ್ತೆಂಟು ಸ್ಕ್ಯಾನನ್ನೂ ಕೂತು ಮತ್ತೆ ಅಳೆದೆ. ಇನ್ನೂ ಮೂವರು ಹತ್ತರ ಕೆಳಗೆ ಇಳಿದರು. ಮೂವರಿಗೂ ಔಷಧಿ ಬದಲಿಸಿದೆವು. ಆ ತಾಯಿ ಕೇಳದೇ ಇದ್ದಿದ್ದರೆ ನಾನು ಒಂದೇ ವಾರದಲ್ಲಿ ಅದನ್ನು ಮಾಡುತ್ತಿದ್ದೆನೋ ಇಲ್ಲವೋ.

ಆಮೇಲೆ ನನ್ನ ಅಂಕಿಯನ್ನು ನಾನೇ ನಂಬುತ್ತಿರಲಿಲ್ಲ. ಪರೀಕ್ಷಿಸಲು ಫ್ಯಾಂಟಮ್, ಅಂದರೆ ಅಳತೆ ಸರಿಯೇ ಅಂತ ನೋಡಲು ಸ್ಕ್ಯಾನ್ ಮಾಡುವ ಜೆಲ್ ಬಾಟಲಿಗಳ ಮಾದರಿ, ಬೇಕಿತ್ತು. ಕೊಳ್ಳಲು ಹೋದರೆ ಲಕ್ಷದ ಮಾತು. ಅದರೊಳಗಿನ ಅಗರ್ ಜೆಲ್ ಅಂದರೆ ಅಡುಗೆಮನೆಯ ಚೈನಾ ಗ್ರಾಸ್ ಅಲ್ವಾ? ಅಂಗಡಿಯಿಂದ ಚೈನಾ ಗ್ರಾಸ್ ತಂದು ಕುದಿಸಿ, ಅದಕ್ಕೆ ರಕ್ತಹೀನತೆಗೆ ಕೊಡುವ ಕಬ್ಬಿಣದ ಟಾನಿಕ್ ಬೇರೆ ಬೇರೆ ಅಳತೆಯಲ್ಲಿ ಹಾಕಿ, ಎಂಟು ಬಾಟಲಿ ಮಾಡಿದೆ. ಮನೆಯಾಕೆ ಎರಡು ಪಾತ್ರೆಗಳನ್ನು ನನ್ನ ಹೆಸರಿಗೇ ಬರೆದುಕೊಟ್ಟಳು. ಟಾನಿಕ್‌ನಲ್ಲಿದ್ದ ಸಕ್ಕರೆಗೆ ಹತ್ತೇ ದಿನದಲ್ಲಿ ಬೂಷ್ಟು ಬಂತು. ಎರಡನೇ ಸಲ ಗಾಳಿಗುಳ್ಳೆ ಉಳಿದು ಅಂಕಿ ಕೆಟ್ಟಿತು. ಕೊನೆಗೆ ಕೆಮಿಸ್ಟ್ರಿ ಲ್ಯಾಬಿನಿಂದ ಮ್ಯಾಂಗನೀಸ್ ಕ್ಲೋರೈಡ್ ತಂದು, ಜೆಲ್ ನಿಧಾನಕ್ಕೆ ಆರಿಸಿ, ಬಾಟಲಿಯ ಬಾಯಿ ತನಕ ತುಂಬಿ ಮೇಣ ಹಾಕಿ ಮುಚ್ಚಿದೆ. ಬಳಸುವ ಮುಂಚೆ ಒಂದು ರಾತ್ರಿ ಸ್ಕ್ಯಾನ್ ಕೋಣೆಯಲ್ಲೇ ಇಡಬೇಕು, ಬಿಸಿ ತಣ್ಣಗಿನ ವ್ಯತ್ಯಾಸಕ್ಕೂ ಅಂಕಿ ಬದಲಾಗುತ್ತದೆ. ಎಲ್ಲ ಸೇರಿ ಖರ್ಚು ಎರಡು ಸಾವಿರ ಆಗಿರಬಹುದು. ಈಗಲೂ ತಿಂಗಳಿಗೊಮ್ಮೆ ಮೊದಲು ಆ ಬಾಟಲಿಗಳಿಗೆ ಸ್ಕ್ಯಾನ್, ಆಮೇಲೆ ಮಕ್ಕಳಿಗೆ.

ಯಾವ ಎಕೋದಿಂದ ಕತ್ತರಿಸಬೇಕು ಅನ್ನುವುದಕ್ಕೆ ಮೊದಲು ಕಣ್ಣಳತೆ ಇತ್ತು. ಈಗ ನನ್ನದೇ ಒಂದು ಲೆಕ್ಕ ಇದೆ, ಹಿನ್ನೆಲೆಯ ನಾಯ್ಸ್ ನೋಡಿ ಎಕ್ಸೆಲ್ ತಾನೇ ಹೇಳುತ್ತದೆ. ಹಾಳೆ ಬೇಕಾದವರು ಬಂದು ಒಂದು ರಾತ್ರಿ ನಮ್ಮ ಜೊತೆ ಕೂತು ಕಲಿತು ತೆಗೆದುಕೊಂಡು ಹೋಗಿ. ಸೂತ್ರವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕೂತು ನೋಡದೆ ಬಳಸಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ.

2018ರಲ್ಲಿ ಇಪ್ಪತ್ತು ಮಕ್ಕಳ ಚಿತ್ರವನ್ನು ಹೆಸರು ತೆಗೆದು ಸೀಡಿ ಮಾಡಿ ದೊಡ್ಡ ಊರಿನ ಒಂದು ಕೇಂದ್ರಕ್ಕೆ ಕಳಿಸಿದೆ. ಅವರ ಹತ್ತಿರ ದುಬಾರಿ ಸಾಫ್ಟ್‌ವೇರ್ ಇತ್ತು. ಹದಿನೆಂಟರಲ್ಲಿ ನಮ್ಮ ಇಬ್ಬರ ಅಂಕಿಯ ನಡುವೆ ಒಂದು ಮಿಲಿಸೆಕೆಂಡಿನಷ್ಟೂ ಅಂತರ ಇರಲಿಲ್ಲ. ಎರಡರಲ್ಲಿ ಇತ್ತು. ಒಂದರಲ್ಲಿ ತಪ್ಪು ನನ್ನದು. ಇನ್ನೊಂದರಲ್ಲಿ ಅವರ ಗುರುತು ಸೆಪ್ಟಮ್ ಬಿಟ್ಟು ಪಕ್ಕದ ರಕ್ತನಾಳಕ್ಕೆ ತಾಗಿತ್ತು. ಅವರೇ ಫೋನ್ ಮಾಡಿ ಒಪ್ಪಿಕೊಂಡರು. ಆ ದಿನ ನಾನು ಸೆಂಟರಿನ ಎಲ್ಲರಿಗೂ ಧಾರವಾಡ ಪೇಡಾ ಹಂಚಿದೆ.

ಹನ್ನೆರಡು ನಿಮಿಷ ಹೇಗೆ ಅಂತ ಕೇಳುವವರಿಗೆ ಹೇಳುತ್ತೇನೆ. ಬೇಡದ್ದನ್ನೆಲ್ಲ ಬಿಟ್ಟೆವು. ಇಎಫ್ ಎಕೋದಲ್ಲೇ ನೋಡುತ್ತೇನೆ, ಅದಕ್ಕೆ ಎಂಆರ್‌ಐ ಸಮಯ ಹಾಳು ಮಾಡುವುದಿಲ್ಲ. ಕಾಂಟ್ರಾಸ್ಟ್ ಚುಚ್ಚುಮದ್ದು ಇಲ್ಲ. ಜಾಗ ಹುಡುಕುವ ಚಿತ್ರಗಳು, ಮಧ್ಯದ ಒಂದು ಶಾರ್ಟ್ ಆಕ್ಸಿಸ್ (ಹೃದಯದ ಅಡ್ಡಸೀಳಿನ ಚಿತ್ರ), ಅದನ್ನೇ ಇನ್ನೊಮ್ಮೆ, ಲಿವರ್‌ನ ಒಂದು ಸ್ಲೈಸ್. ಮುಗಿಯಿತು. 2016ರಲ್ಲಿ ಥಾಯ್ಲೆಂಡಿನಲ್ಲಿ ಬ್ರಿಟನ್ ಮತ್ತು ಥಾಯ್ ತಂಡ ಸೇರಿ ಒಬ್ಬರಿಗೆ ಎಂಟು ನಿಮಿಷದ ಲೆಕ್ಕದಲ್ಲಿ ಇದೇ ಕೆಲಸ ಮಾಡಿ ತೋರಿಸಿತು. ಆ ಪ್ರಬಂಧದ ಪ್ರತಿಯನ್ನು ನನಗೆ ಮುಕ್ಕಾಲು ಗಂಟೆಯ ಪಾಠ ಹೇಳಿದ ಹಿರಿಯರಿಗೆ ನಾನೇ ಕೊಟ್ಟು ಬಂದೆ. ಸರ್ ಅದನ್ನು ಪೂರ್ತಿ ಓದಿದರು. ಈಗ ಅವರೇ ಮಕ್ಕಳನ್ನು ಕಳಿಸುತ್ತಾರೆ.

ನಡುವೆ ಎರಡು ವರ್ಷ ಒಂದು ಅಡ್ಡದಾರಿ ಹಿಡಿದಿದ್ದೆ. ಎಂಆರ್‌ಐ ಬೇಡ, ಎಕೋದ ಸ್ಟ್ರೈನ್ (ಹೃದಯದ ಗೋಡೆ ಎಷ್ಟು ಕುಗ್ಗುತ್ತದೆ ಅನ್ನುವುದು) ಅಳೆದರೆ ಕಬ್ಬಿಣ ಗೊತ್ತಾಗಬಹುದು ಅಂತ ಆಸೆ. ತಾಲ್ಲೂಕಿನಲ್ಲೂ ಮಾಡಬಹುದಲ್ಲ. ಅರವತ್ತು ಮಕ್ಕಳಿಗೆ ಮಾಡಿದೆ. ಒಂದು ಕಡೆ ಸ್ಟ್ರೈನ್, ಇನ್ನೊಂದು ಕಡೆ ಟಿ2 ಸ್ಟಾರ್ ಇಟ್ಟು ಚುಕ್ಕೆ ಹಾಕಿದರೆ ಹಿಡಿ ಸಾಸಿವೆ ಚೆಲ್ಲಿದ ಹಾಗೆ ಬಂತು. ರಕ್ತ ಕಡಿಮೆ ಇದ್ದಾಗ ಹೃದಯ ಜೋರಾಗಿ ಕುಣಿಯುತ್ತದೆ, ಸ್ಟ್ರೈನ್ ಚೆನ್ನಾಗಿ ಕಾಣುತ್ತದೆ. ಅದೇ ಮಗುವಿಗೆ ರಕ್ತ ಹಾಕಿದ ಮರುದಿನ ಬೇರೆ ಅಂಕಿ. ಕೈಬಿಟ್ಟೆ. ಇನ್ನೊಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ಲಿವರ್ ಸ್ಲೈಸ್ ತೆಗೆಯುವಾಗ ಸ್ವಲ್ಪ ಕೆಳಗೆ ಇಳಿದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಸಿಗುತ್ತದೆ. ನಮ್ಮಲ್ಲಿ ಪ್ಯಾಂಕ್ರಿಯಾಸ್ ಸ್ವಚ್ಛ ಇದ್ದ ಮಕ್ಕಳಲ್ಲಿ ಹೃದಯದಲ್ಲಿ ಕಬ್ಬಿಣ ಕಂಡದ್ದು ಒಂದೋ ಎರಡೋ. ಹೊರಗಿನವರೂ ಇದನ್ನು ಬರೆದಿದ್ದಾರೆ. ಹೃದಯದ ಚಿತ್ರ ಕೆಟ್ಟರೆ ನಾನು ಮೊದಲು ಅದನ್ನು ನೋಡುತ್ತೇನೆ. ಲಿವರ್ ಅಥವಾ ಫೆರಿಟಿನ್ ನೋಡಿ ಹೃದಯದ ಬಗ್ಗೆ ಹೇಳಬೇಡಿ. ಫೆರಿಟಿನ್ 1,200 ಇದ್ದು ಟಿ2 ಸ್ಟಾರ್ 8 ಬಂದ ಹುಡುಗ ಇದ್ದಾನೆ. 6,000 ಇದ್ದು 30 ಬಂದ ಹುಡುಗಿಯೂ ಇದ್ದಾಳೆ.

2022ರಲ್ಲಿ ಸೆಂಟರಿನವರು ಹಳೆಯ ಯಂತ್ರ ತೆಗೆದು 3 ಟೆಸ್ಲಾ ತಂದರು. ಮೆದುಳು, ಮೊಣಕಾಲಿಗೆ ಅದು ಭಾಳ ಚೆಂದ. ನಮ್ಮ ಕೆಲಸ ಮಾತ್ರ ನಿಂತುಹೋಯಿತು. ಅಂಕಿಗಳು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದವು, ಶ್ವಾಸಕೋಶದ ಪಕ್ಕದ ಗೋಡೆಯೇ ಕಾಣದಾಯಿತು. ಜಾಸ್ತಿ ಕಬ್ಬಿಣ ಇರುವ ಮಕ್ಕಳಲ್ಲಿ ಎರಡನೇ ಎಕೋಗೇ ಎಲ್ಲ ಕಪ್ಪು. ನಾಲ್ಕು ತಿಂಗಳು ಒದ್ದಾಡಿ, ಬೇರೆ ಸೆಂಟರಿನ 1.5ಕ್ಕೆ ಹೋದೆವು. ಅಲ್ಲಿ ಒಂದು ಸ್ಕ್ಯಾನಿಗೆ 2,200. ಮನೆಯವರಿಂದ 500 ತೆಗೆದುಕೊಳ್ಳುತ್ತೇವೆ, ಆಗದವರಿಂದ ಅದೂ ಇಲ್ಲ. ಉಳಿದದ್ದು ಊರಿನ ವರ್ತಕರು ಕೆಲವರು ಸೇರಿ ಕೊಡುತ್ತಾರೆ. ಒಂದು ಮಾತು ತಂದೆ ತಾಯಿಯರಿಗೆ ತಪ್ಪದೆ ಹೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೀಮಿಯಾ ಸೇರಿದೆ. ಎಷ್ಟೋ ಮನೆಯವರಿಗೆ ಇದೇ ಗೊತ್ತಿರುವುದಿಲ್ಲ.

ಇಲ್ಲಿವರೆಗೆ ನೂರನಲವತ್ತು ಮಕ್ಕಳು, ನಾನೂರು ಚಿಲ್ಲರೆ ಸ್ಕ್ಯಾನ್ ಆಗಿವೆ. ಕ್ಯಾತ್ ಲ್ಯಾಬಿನ ಕೆಲಸ ವಾರಕ್ಕೆ ಎರಡು ದಿನಕ್ಕೆ ಇಳಿದಿದೆ. ಆದಾಯವೂ ಇಳಿದಿದೆ. ನನ್ನ ಜೊತೆ ಓದಿದವರ ಮನೆ, ಕಾರು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಬೆಳಗ್ಗೆ ಎದ್ದು ಹೋಗಬೇಕು ಅನ್ನಿಸುವುದು ಈ ಕೆಲಸಕ್ಕೇ.

2016ರ ಆ ಹುಡುಗಿ ಈಗ ಬಿಕಾಂ ಮುಗಿಸಿದ್ದಾಳೆ. ಎರಡು ಮಾತ್ರೆ ಸೇರಿಸಿ ಕೊಡುತ್ತಿದ್ದೇವೆ, ರಕ್ತಕಣದ ಎಣಿಕೆಗೆ ತಪ್ಪದೆ ಬರುತ್ತಾಳೆ. 7 ಇದ್ದದ್ದು ಮರುವರ್ಷ 9, ಆಮೇಲೆ 12, ಕೋವಿಡ್ ವರ್ಷ ಔಷಧಿ ಸಿಗದೆ ಮತ್ತೆ 10, ಆಮೇಲೆ 15. ಹೋದ ತಿಂಗಳ ಆ ಶನಿವಾರ ಕೊನೆಯ ಸ್ಕ್ಯಾನ್ ಅವಳದ್ದೇ. ಎರಡು ಸಲ ತೆಗೆದೆವು. ಒಂದು 18.6, ಇನ್ನೊಂದು 18.9. "ಇಪ್ಪತ್ತು ಯಾವಾಗ್ರಿ ಸರ್?" ಅಂದಳು. ಮುಂದಿನ ಮಾರ್ಚ್‌ಗೆ ತಾರೀಕು ಬರೆದುಕೊಟ್ಟೆ.